ಹೆಜ್ಜೆಯ ಕರೆಂಟ್

ಪಾರ್ವತಮ್ಮ ಊಟದ ಮೇಜಿನ ಸುತ್ತ ನಡೆಯುತ್ತಲೇ ಇದ್ದರು. ಈ ದೇಶದ ಮನೆಗಳಿಗೆ ಕಂಬದಿಂದ ತಂತಿ ಬರುವುದಿಲ್ಲ. ಮನೆಯವರು ನೆಲ ತುಳಿದಷ್ಟೇ ಕರೆಂಟ್. ಕೆಲಸಕ್ಕೆ ಹೋಗುವ ಮುನ್ನ ಅಳಿಯ ಒಂದು ಗಂಟೆ ತುಳಿದಿದ್ದ. ಬಾಣಂತಿಗೆ ಎರೆಯುವ ನೀರು ಕಾಯುವಷ್ಟರಲ್ಲಿ ಅದು ಮುಗಿದಿತ್ತು.

ಒಳಕೋಣೆಯಲ್ಲಿ ಹನ್ನೆರಡು ದಿನದ ಕೂಸಿನ ಪಕ್ಕ ಮಲಗಿದ್ದ ಶಾಂಭವಿಗೆ ತಾಯಿಯ ಹೆಜ್ಜೆಗಳದ್ದೇ ಧ್ಯಾನ. ಅಮ್ಮನ ಎಡಗಾಲು ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಹೊರಗೆ ಹಿಮ, ಮಧ್ಯಾಹ್ನ ಮೂರಕ್ಕೇ ಕತ್ತಲೆ.

"ಸಾಕು ಬಿಡಮ್ಮ, ಸ್ವಲ್ಪ ಹೊತ್ತು ನಾನು ಓಡಾಡ್ತೀನಿ."

"ಹಸೀ ಬಾಣಂತಿ ನೀನು. ತಣ್ಣನೆ ನೆಲಕ್ಕೆ ಕಾಲಿಟ್ಟೀಯ ನೋಡು. ಸುಮ್ನೆ ಮಲಕ್ಕ."

ಅವಳು ಮಗ್ಗುಲು ಬದಲಿಸಿದಳು. ಮತ್ತೆ ಬದಲಿಸಿದಳು. ಅಷ್ಟರಲ್ಲಿ ಹೆಜ್ಜೆ ನಿಂತಿತು. ದೀಪ ಕೆಂಪಗಾಗಿ ಆರಿತು, ಹೀಟರಿನ ಸದ್ದೂ ಅಡಗಿತು.

"ಅಮ್ಮಾ, ಏನಾತು?"

"ಏನಿಲ್ಲ. ಮೊಣಕಾಲು ಹಿಡೀತು ಅಂತ ಕುಂತೆ, ಅಷ್ಟ್ರಾಗೆ ಕರೆಂಟ್ ಹೋತು. ಬರ್ಲಿ ಅಂತ ಕಾಯ್ತಿದೀನಿ."

ಅರವತ್ತು ವರ್ಷ ದಾವಣಗೆರೆಯಲ್ಲಿ ಕರೆಂಟ್ ಹೋದಾಗಲೆಲ್ಲ ಹೀಗೇ ಕೂತು ಕಾದವರು. ಶಾಂಭವಿ ತಿದ್ದಲಿಲ್ಲ.

"ಹೂಂ, ಕುಂತ್ಕ. ಈಗ ಬರ್ತತಿ."

ಕೂಸಿಗೆ ಇನ್ನೊಂದು ಕೌದಿ ಹೊದಿಸಿ, ಸದ್ದಾಗದಂತೆ ಬರಿಗಾಲನ್ನು ನೆಲಕ್ಕಿಟ್ಟಳು. ನೆಲ ಮಂಜುಗಡ್ಡೆಯಂತಿತ್ತು. ಮಂಚದ ಸುತ್ತ ಹತ್ತು ಸುತ್ತು, ಹದಿನೈದು ಸುತ್ತು. ಹೊಟ್ಟೆಯ ಹೊಲಿಗೆ ಚುರುಗುಟ್ಟಿತು. ಹೀಟರ್ ಮೆಲ್ಲಗೆ ಗುಂಯ್ ಎಂದಿತು.

ಹೊರಗಿನಿಂದ ಅಮ್ಮನ ನೆಮ್ಮದಿಯ ದನಿ ಬಂತು: "ನೋಡ್ದಾ, ತಾನೇ ಬಂತು."