ಗಡಿಯಾರದ ಕೂಸು

“ಕೂಸು ಎಲ್ಲದ? ಬೊಗಳು!”

ದೇಶಮುಖರ ಆಳುಗಳು ಜೋಳದ ಗಡಿಗೆ ಒಡೆದರು, ಕೌದಿ ಹರಿದರು, ಒಲೆಯ ಬೂದಿ ಕೆದರಿದರು. ಚಂದಮ್ಮ ಎದೆಯ ಮೇಲೆ ಸೆರಗು ಬಿಗಿಹಿಡಿದು ಗೋಡೆಗೆ ಒರಗಿದ್ದಳು. ಅವಳ ಅಣ್ಣ ಅಂಬಾರಾಯನ ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆಯಿತ್ತು. ಶಹಾಬಾದಿನ ಕಲ್ಲುಗಣಿಯಿಂದ ವರ್ಷದ ಮೇಲೆ ಊರಿಗೆ ಬಂದವನಿಗೆ ಸಿಕ್ಕ ಸ್ವಾಗತ ಇದು.

ಕೂಸೆಂದರೆ ಕಂಚಿನ ಕೂಸು. ಸೇಡಂನ ಕೋಟೆಯಂಥ ವಾಡೆಯಲ್ಲಿ ಗುರುಲಿಂಗಪ್ಪ ದೇಶಮುಖರದೊಂದು ಫ್ರಾನ್ಸ್ ದೇಶದ ಹಳೆಯ ಗಡಿಯಾರವಿತ್ತು. ಮೈತುಂಬ ಬಂಗಾರದ ನೀರು. ನೆತ್ತಿಯ ಮೇಲೊಬ್ಬ ಹೆಂಗಸು, ಅವಳ ಕಾಲ ಬಳಿ ಜೋಡಿ ಪಾರಿವಾಳ, ಮಗ್ಗುಲಲ್ಲಿ ಬಿಲ್ಲು ಹಿಡಿದ ರೆಕ್ಕೆಯ ಕೂಸು. ಬಂದವರಿಗೆಲ್ಲ ದೇಶಮುಖರು ಬೆತ್ತದಿಂದ ತೋರಿಸಿ ಅರ್ಥ ಹೇಳುವರು:

“ಪಾರಿವಾಳ ಅಂದ್ರ ನಿಷ್ಠೆ. ಕಟ್ಟಿಕೊಂಡಾಕಿನ್ನ ಬಿಟ್ಟು ಬ್ಯಾರೆ ಕಡಿ ನೋಡಂಗಿಲ್ಲ. ಈ ಕೂಸು ಅವರ ಮನ್ಮಥ. ತಾಯಿ ಈಕಿ. ಅಪ್ಪ ಯಾರಂತ ಮಾತ್ರ ಕೇಳಬ್ಯಾಡ್ರಿ!”

ಬೈಠಕ್ಕಿನ ಪಡಸಾಲೆಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದು ನಗುವರು. ಧೂಳು ಒರೆಸುತ್ತಿದ್ದ ಚಂದಮ್ಮ ನಗುತ್ತಿರಲಿಲ್ಲ.

ಹೋದ ವರ್ಷ ಅವಳನ್ನು ವಾಡೆಯಿಂದ ಹೊರಗೆ ಹಾಕಿದರು. ಅದೇ ದಿನ ಗಡಿಯಾರದ ಕೂಸೂ ಕಾಣೆಯಾಯಿತು. ಕಾಮಾಲೆಯೆಂದು ಹೇಳಿ ಕೊಡ್ಲಿ ಊರಿನ ದೊಡ್ಡವ್ವನ ಮನೆ ಸೇರಿದ್ದವಳು, ಅಣ್ಣ ಬರುತ್ತಾನೆಂದು ಈಗ ಬಂದಿದ್ದಳು. ಬಂದಿದ್ದೇ ತಡ, ಬಾಗಿಲು ಮುರಿಯಿತು.

“ಸೋಮವಾರ ಬೈಠಕ್ಕಿಗೆ ತಂದು ಎಲ್ಲರ ಮುಂದ ಇಡಬೇಕು. ಇಲ್ಲಂದ್ರ ಜೇಲು,” ಎಂದು ಆಳು ಹೊರಗೆ ಉಗುಳಿ ಹೋದ. ನಿಜಾಮರ ರಾಜ್ಯದಲ್ಲಿ ದೇಶಮುಖರ ಮಾತೇ ಠಾಣೆ, ಮಾತೇ ಕಚೇರಿ.

ಅಂಬಾರಾಯ ತಂಗಿಯ ಕಡೆ ತಿರುಗಿದ. “ಖರೇ ಹೇಳು. ಅವರ ಕೂಸು ತಗೊಂಡು ಬಂದೀಯೇನು?”

“ಹೂಂ.”

“ಥೂ! ಅಪ್ಪನ ಮಾನ ಕಳದ್ಯಲ್ಲ! ಎಲ್ಲಿಟ್ಟೀ?”

“ಕೊಡ್ಲ್ಯಾಗ. ದೊಡ್ಡವ್ವನ ಹಂತ್ಯಾಕ.”

“ಎಲ್ಯಾರ ಒಗದು ಬರಬೇಕಿತ್ತು!”

“ಮನಸ್ಸು ಬರಲಿಲ್ಲ ಯಣ್ಣಾ. ಭಾಳ ಮುದ್ದದ.”

ಅವನು ಸುತ್ತಿಗೆಯಿಂದ ಗೋಡೆಗೆ ಬಾರಿಸಿದ. ತಂಗಿಗೆ ಬಾರಿಸಬಾರದೆಂದೇ ಗೋಡೆಗೆ ಬಾರಿಸಿದ.

ಸೋಮವಾರ ಬೈಠಕ್ಕು ತುಂಬಿತ್ತು. ತಮಾಷೆ ನೋಡಲೆಂದು ದೇಶಮುಖರು ಊರ ಹಿರಿಯರನ್ನೆಲ್ಲ ಕರೆಸಿದ್ದರು. ಅಂಬಾರಾಯ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದ. ಕೊಡ್ಲಿಯ ಬಂಡಿಯಿಂದ ಇಳಿದ ಚಂದಮ್ಮ ಕೌದಿಯ ಗಂಟೊಂದನ್ನು ಎದೆಗವಚಿ ನೆಟ್ಟಗೆ ಒಳಗೆ ನಡೆದಳು.

“ಬಾರವ್ವ ಕಳ್ಳಿ!” ಎಂದರು ದೇಶಮುಖರು. “ತಂದೀಯೇನು ಕೂಸು?”

“ತಂದೀನ್ರಿ ಧಣಿ.”

“ಎಲ್ಲರಿಗೂ ಕೇಳಂಗ ಹೇಳು. ಯಾರ ಕೂಸು?”

“ನಿಮ್ದ್ರಿ.”

“ಹಾಂ, ಹಂಗ ದಾರಿಗೆ ಬಾ. ಕೊಡಿಲ್ಲಿ.”

ಅವಳು ಗಂಟನ್ನು ಅವರ ತೊಡೆಯ ಮೇಲೆ ಮಲಗಿಸಿದಳು. ಬೆಚ್ಚಗಿತ್ತು. ದೇಶಮುಖರ ಕೈ ಸರ್ರನೆ ಹಿಂದೆ ಸರಿಯಿತು.

“ಕಂಚಿಂದು ಆವತ್ತೇ ಕಾಗಿಣಾ ಹೊಳ್ಯಾಗ ಒಗದೀನ್ರಿ,” ಎಂದಳು ಚಂದಮ್ಮ.

ಗಂಟು ಅಳತೊಡಗಿತು.