ದೋಟಿಗೆ ಕಟ್ಟಿದ ದೀಪ

ಸೀರಿಯಲ್ ಲೈಟಿನ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ ಪ್ರೇಮಲತಾ, ಇನ್ನೊಂದು ತುದಿ ಹಿಡಿದು ಹಾಗೇ ನಿಂತಳು. ಹಿತ್ತಲಲ್ಲಿ ಒಂದು ಮರವೂ ಇರಲಿಲ್ಲ. ಆಪರೇಷನ್ ಮುಗಿಸಿ ಇವತ್ತೇ ಮನೆಗೆ ಬಂದ ಮಗಳು ಚಿನ್ಮಯಿಗೆ ಹಿತ್ತಲ ತುಂಬ ದೀಪ ಹಾಕುತ್ತೇನೆಂದು ಆಸ್ಪತ್ರೆಯಲ್ಲೇ ಮಾತು ಕೊಟ್ಟಿದ್ದಳು.

ಪಕ್ಕದ ಮನೆಯ ಜಹಾಂಗೀರ್ ಅಡಿಕೆ ಕೊಯ್ಯುವ ಬಿದಿರಿನ ದೋಟಿ ತಂದ. ತುದಿಯ ಕತ್ತಿ ಬಿಚ್ಚಿ, ಅಲ್ಲಿಗೆ ಲೈಟಿನ ಸರ ಕಟ್ಟಿ, ಎತ್ತಿ ಹಿಡಿದ.

“ಬೆಳಗಿಂದ ಕೊಯ್ದು ತೋಳು ಬಿದ್ದೋಗಿರ್ತವೆ. ಸಾಕು ಬಿಡ್ರಣ್ಣ.”

“ದಿನಾ ಮರದ ಕೆಳಗೆ ನಿಲ್ತೀನಕ್ಕ. ಇವತ್ತು ನಾನೇ ಮರ. ಸ್ವಿಚ್ ಹಾಕ್ರಿ.”

ದೀಪಗಳು ಹತ್ತಿದವು. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಚಿನ್ಮಯಿ ನಕ್ಕಳು: “ಮಾಮ, ಮರ ಅಲ್ಲಾಡ್ತೈತೆ!”

“ಗಾಳಿ ಐತಲ್ಲವ್ವಾ,” ಎಂದ ಜಹಾಂಗೀರ್.

ಗಾಳಿಯೇ ಇರಲಿಲ್ಲ. ಪ್ರೇಮಲತಾ ಹೋಗಿ ದೋಟಿಗೆ ತನ್ನ ಕೈಯನ್ನೂ ಕೊಟ್ಟಳು.