ಎಡಗೈ ಚಾಚಿದವನು

ಚೀಲ ತನ್ನನ್ನು ದಾಟಿ ಪಕ್ಕದವನ ಕಡೆ ಹೋಗುತ್ತಿರುವುದನ್ನು ಕಂಡು ಎಸ್ಕಂದರನ ಕಿವಿ ಬಿಸಿಯಾಯಿತು.

“ಯಾಕೆ ಪಹೆಲ್ವಾನರೇ, ನಾನು ಗಂಡಸಲ್ವಾ?”

ಹಶ್ಮತ್ ತಡವರಿಸಿದರು. ಕಾಶಾನ್ ಊರಿನ ಆ ಹಳೇ ಗರಡಿಮನೆಗೆ ಅವರೇ ಹಿರಿಯರು. “ಹಾಗಲ್ಲ ಮೊರ್ಷೆದ್. ನೀವು ಹಾಡಿದ್ರಲ್ಲ, ಅದೇ ನಿಮ್ಮ ಪಾಲು. ಕೂತ್ಕೊಳ್ಳಿ.”

“ಹಾಡು ಗಾಳಿಗೆ ಹೋಯ್ತು. ಚೀಲ ಈ ಕಡೆ ಕೊಡಿ.”

ಕೊಡಲು ಅವನ ಹತ್ತಿರ ಚಿಕ್ಕಾಸೂ ಇರಲಿಲ್ಲ ಎಂಬುದು ಬೇರೆ ಮಾತು. ರೋಷಕ್ಕೆ ದುಡ್ಡು ಬೇಕೆ?

ಎಸ್ಕಂದರ್ ಆ ಗರಡಿಯ ಮೊರ್ಷೆದ್. ಕಟ್ಟೆಯ ಮೇಲೆ ಕೂತು ಅವನು ಡೋಲು ಬಾರಿಸಿ ಹಾಡಿದರೆ ಕೆಳಗೆ ಅಖಾಡದಲ್ಲಿ ಗದೆಗಳು ತಿರುಗುತ್ತವೆ. ಡೋಲು ನಿಂತರೆ ಎಲ್ಲವೂ ನಿಂತ ಹಾಗೆ. ಕೊರೋನಾ ಬಂದು ಆ ಡೋಲನ್ನೇ ನಿಲ್ಲಿಸಿತ್ತು. ಗರಡಿಗೆ ಬೀಗ, ಪಂದ್ಯಗಳೆಲ್ಲ ರದ್ದು, ಹಾಡಲು ಮದುವೆಗಳೂ ಇಲ್ಲ. ಚಳಿಗಾಲದಲ್ಲಿ ಅವನು ಡೋಲನ್ನು ಕಂಬಳಿಯಲ್ಲಿ ಸುತ್ತಿ, ಹಳೇ ಸಾಮಾನಿನ ಮಾಶಾಲ್ಲಾನ ಅಂಗಡಿಗೆ ಮಾರಿ ಅಕ್ಕಿ ತಂದಿದ್ದ. ಅಪ್ಪ ಬಾರಿಸಿದ ಡೋಲು. ಆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಈಗ ಸರಕಾರದ ಅಪ್ಪಣೆಯಾಗಿದೆ. ಶನಿವಾರ ಗರಡಿ ತೆರೆಯುತ್ತದೆ. ಡೋಲಿಲ್ಲದವನಿಗೆ ಕಟ್ಟೆಯ ಮೇಲೇನು ಕೆಲಸ? ಪಕ್ಕದೂರು ನತಂಜಿನಿಂದ ಬೇರೊಬ್ಬ ಡೋಲಿನವನು ಬರಲು ತುದಿಗಾಲಲ್ಲಿ ನಿಂತಿದ್ದಾನೆಂದು ಊರೆಲ್ಲ ಸುದ್ದಿ. ಇವತ್ತು ಅಖಾಡ ಗುಡಿಸಲು ಎಲ್ಲರೂ ಸೇರುವವರಿದ್ದರು. ಚಳಿಗೆ ಡೋಲಿನ ಚರ್ಮ ಬಿರಿಯಿತು ಎಂಬ ಸುಳ್ಳನ್ನು ಎಸ್ಕಂದರ್ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ. ವಿಚಿತ್ರವೆಂದರೆ, ಡೋಲೆಲ್ಲಿ ಎಂದು ಒಬ್ಬನೂ ಕೇಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಮೊಣಕಾಲು ತಟ್ಟಿಕೊಂಡೇ ಹಾಡಿದ.

ಹಾಡು ಮುಗಿದೊಡನೆ ಹಶ್ಮತ್ ‘ಗೋಲ್‌ರೀಜಾನ್’ ಎಂದು ಸಾರಿದರು. ಹೂ ಸುರಿಯುವುದು ಎಂದರ್ಥ. ನಮ್ಮವನೊಬ್ಬ ಕಷ್ಟದಲ್ಲಿದ್ದಾನೆ ಎಂದಷ್ಟೇ ಹೇಳಿ, ಹಣ ಕೂಡಿಸಲು ಚೀಲ ಸುತ್ತಿಸುತ್ತಾರೆ. ಹೆಸರು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಈ ಗರಡಿಯಲ್ಲಿ ಇನ್ನೂ ಒಂದು ಕಟ್ಟಳೆಯಿತ್ತು. ಕೈ ಮುಚ್ಚಿಕೊಂಡೇ ಚೀಲದೊಳಗೆ ಹೋಗಬೇಕು, ಮುಚ್ಚಿಕೊಂಡೇ ಹೊರಗೆ ಬರಬೇಕು. ಕೊಟ್ಟವನ ಕೈಗೂ ಕೊಡಲಾಗದವನ ಕೈಗೂ ವ್ಯತ್ಯಾಸ ಕಾಣಬಾರದು. ಇಲ್ಲದವನ ಮಾನ ಕಾಯಲು ಹಿರಿಯರು ಮಾಡಿಟ್ಟ ಉಪಾಯ.

ಇದು ಯಾರಿಗಾಗಿ ಎಂಬುದರಲ್ಲಿ ಎಸ್ಕಂದರನಿಗೆ ಅನುಮಾನವೇ ಇರಲಿಲ್ಲ. ಜಬ್ಬಾರನಿಗೆ! ಮದುವೆ ಮಂಟಪದ ಮಾಲೀಕ. ರೋಗ ಬಂದಾಗಿನಿಂದ ಮಂಟಪದಲ್ಲಿ ದೀಪ ಹತ್ತಿಲ್ಲ. ಬೆಳಗಿನಿಂದ ಎಸ್ಕಂದರನ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಾನೆ. ಚೀಲಕ್ಕೆ ಮೊದಲು ಕೈ ಹಾಕಿದವನೂ ಅವನೇ. ತೋರಿಕೆಗೆ, ಇನ್ನೇನು? ಹೊರಗೆ ಅವನ ಕಾರು ನಿಂತಿದೆ. ಕಾರಿಟ್ಟುಕೊಂಡವನಿಗೆ ಹೂವು, ಡೋಲು ಮಾರಿದವನ ಬಾಯಿಗೆ ಮಣ್ಣು!

ಹಶ್ಮತ್ ಕೊನೆಗೂ ಚೀಲವನ್ನು ಈಚೆ ಹಿಡಿದರು. ಎಸ್ಕಂದರನ ಖಾಲಿ ಮುಷ್ಟಿ ಅದರೊಳಗಿಳಿಯಿತು. ನೋಟುಗಳ ನಡುವೆ ತಣ್ಣಗಿನದೇನೋ ಬೆರಳಿಗೆ ತಾಗಿತು. ಉಂಗುರ. ಮುಷ್ಟಿ ತಾನಾಗಿ ತೆರೆದು, ತಾನಾಗಿ ಮುಚ್ಚಿಕೊಂಡಿತು. ತಾನಾಗಿ ಎಂದು ಅವನು ಆಮೇಲೆ ಹೇಳಿಕೊಂಡ. ಕೈ ತಾನಾಗಿ ಏನನ್ನೂ ಮಾಡುವುದಿಲ್ಲ.

ಕಟ್ಟಳೆ ಮಾಡಿದ ಹಿರಿಯರ ಕಾಲದಲ್ಲಿ ಕೊರೋನಾ ಇರಲಿಲ್ಲ. ಈಗ ಚೀಲದ ಹಿಂದೆಯೇ ಸ್ಯಾನಿಟೈಸರ್ ಬಾಟಲಿ ಬರುತ್ತಿತ್ತು. ತಂದವನು ಜಬ್ಬಾರ್.

“ಕೈ ಒಡ್ಡಿ ಮೊರ್ಷೆದ್.”

ಎಸ್ಕಂದರ್ ಎಡಗೈ ಚಾಚಿದ.

ಮಾಸ್ಕಿನ ಮೇಲಿನ ಕಣ್ಣುಗಳು ಬಲಗೈಯ ಕಡೆ ಹೊರಳಿದವು. “ಇನ್ನೊಂದು?”

“ಅದು ಶುದ್ಧವಾಗೇ ಇದೆ.”

ಜಬ್ಬಾರ್ ಎಡಗೈಗೆ ನಾಲ್ಕು ಹನಿ ಬಿಟ್ಟು ಮುಂದಿನವನ ಬಳಿ ಹೋದ.

ಚೀಲ ಸುತ್ತು ಮುಗಿಸುವ ಮೊದಲೇ, ಹೆಂಡತಿಗೆ ಹುಷಾರಿಲ್ಲ ಎಂದು ಎಸ್ಕಂದರ್ ಎದ್ದು ಬಂದ. ಊರಿಗೆಲ್ಲ ಹುಷಾರಿಲ್ಲದ ಕಾಲ, ಯಾರು ತಡೆಯುತ್ತಾರೆ? ಗುಲಾಬಿ ನೀರಿನ ಅಂಗಡಿಗಳ ಮುಂದೆ ಅವನು ಸಂಜೆಯವರೆಗೂ ಸುಮ್ಮನೆ ಅಲೆದ. ನಾಚಿಕೆಯಿಂದ ಮೈ ಉರಿಯುತ್ತಿತ್ತು. ವಾಪಸು ಹೋಗಿ ಕೊಟ್ಟುಬಿಡಲೇ ಎಂದು ಮತ್ತೆ ಮತ್ತೆ ನಿಂತ. ಶನಿವಾರ ನೆನಪಾಗಿ ಮತ್ತೆ ಮತ್ತೆ ಮುಂದೆ ನಡೆದ. ಇದು ಸಾಲವಷ್ಟೇ, ಡೋಲು ಬಿಡಿಸಿಕೊಂಡು ದುಡಿದು ತೀರಿಸುತ್ತೇನೆ ಎಂದುಕೊಂಡ. ಕಳ್ಳರೆಲ್ಲ ಹಾಗೇ ಅಂದುಕೊಳ್ಳುವುದು.

ಮಾಶಾಲ್ಲಾನ ಅಂಗಡಿ ಮುಚ್ಚುವುದರಲ್ಲಿತ್ತು. ಎಸ್ಕಂದರನನ್ನು ಕಂಡವನೇ ಅವನು ಕಂಬಳಿಯ ಗಂಟನ್ನು ಮೇಜಿನ ಮೇಲಿಟ್ಟ.

“ತಗೊಳ್ಳಿ ನಿಮ್ಮ ಡೋಲು. ದುಡ್ಡು ಬಂದಾಯ್ತು. ನಾಳೆ ಮನೆಗೆ ತಲುಪಿಸು, ಕೊಂಡವನು ಬೇಡ ಅಂತ ಬಿಟ್ಟುಹೋದ ಅಂತ ಹೇಳು ಅಂದಿದ್ರು ಹಶ್ಮತ್. ನನ್ನ ಹಾಳು ಬಾಯಿ ಸುಮ್ನಿರುತ್ತಾ?”

“ಯಾರು... ಯಾರ ದುಡ್ಡು?”

“ಇನ್ಯಾರದು? ಇವತ್ತಿನ ಚೀಲದ್ದು. ಯಾರಿಗೋಸ್ಕರ ಅಂದ್ಕೊಂಡಿದ್ರಿ?”

ಎಸ್ಕಂದರ್ ಎಡಗೈಯನ್ನು ಕಂಬಳಿಯ ಗಂಟಿನ ಮೇಲಿಟ್ಟ. ಬಲಮುಷ್ಟಿ ಜೇಬಿನಲ್ಲೇ ಇತ್ತು.

“ಆದ್ರೂ ಕಮ್ಮಿ ಬಿತ್ತು ನೋಡಿ,” ಎಂದ ಮಾಶಾಲ್ಲಾ. “ಹಶ್ಮತ್ ತಮ್ಮ ತೋಳಬಂದಿ ಬಿಚ್ಚಿಟ್ರು, ಕುಸ್ತಿ ಗೆದ್ದಾಗ ಕಟ್ಟಿದ್ದು. ಅಗೋ ಅಲ್ಲಿದೆ. ಎಲ್ಲಾ ಆ ಜಬ್ಬಾರನಿಂದ! ಹೆಂಡ್ತಿ ಉಂಗುರ ಹಾಕಿದೀನಿ ಅಂತ ಖುರಾನಿನ ಮೇಲೆ ಆಣೆ ಮಾಡ್ದ. ಚೀಲ ಕೊಡವಿದ್ರೆ ಉಂಗುರ ಎಲ್ಲಿದೆ? ಸುಳ್ಳುಗಾರ ಅಂತ ಎಲ್ರೂ ಮುಖಕ್ಕೆ ಉಗಿದ್ರಂತೆ. ಕೈಲಿದ್ದ ಸ್ಯಾನಿಟೈಸರ್ ಬಾಟಲಿ ಕಡೆ ನೋಡಿದ್ನಂತೆ ಅವನು.”

“ಆಮೇಲೆ?”

“ಆಮೇಲೇನು, ‘ಹೌದು, ಸುಳ್ಳೇ ಹೇಳ್ದೆ, ನಾನು ಹಾಕಿದ್ದು ಬರೀ ಮುಷ್ಟಿ’ ಅಂತ ತಾನೇ ಒಪ್ಕೊಂಡ.”